ಜೀವವೈದ್ಯಕೀಯ ಉಪಕರಣಗಳು

ಶರೀರದೊಳಗಿನ ವಿದ್ಯುತ್ತು, ಒತ್ತಡ, ಶಾಖ, ಸದ್ದು, ರಾಸಾಯನಿಕ ಏರುಪೇರುಗಳನ್ನು ಹಿಡಿದು ಅಂಕಿ, ಗೆರೆ, ಚಿತ್ರಗಳಾಗಿ ತೋರಿಸುವ ಸಾಧನಗಳು ಒಂದು ಕಡೆ. ಹೊರಗಿನಿಂದ ಗಾಳಿ, ಶಾಖ, ವಿದ್ಯುತ್ತು ಅಥವಾ ವಿಕಿರಣ ಕೊಟ್ಟು ಸೋತ ಅಂಗಕ್ಕೆ ಹೆಗಲು ಕೊಡುವ ಸಾಧನಗಳು ಇನ್ನೊಂದು ಕಡೆ. ಇವೆರಡಕ್ಕೂ ಸೇರಿ ಜೀವವೈದ್ಯಕೀಯ ಉಪಕರಣಗಳೆಂದು ಹೆಸರು. ಪುಸ್ತಕದ ಕನ್ನಡದಲ್ಲಿ ಇವಕ್ಕೆ ಹೃದಯ ವಿದ್ಯುಲ್ಲೇಖ (ಇಸಿಜಿ), ಮಿದುಳು ವಿದ್ಯುಲ್ಲೇಖ (ಇಇಜಿ), ಶ್ರವಣಾತೀತ ಚಿತ್ರಣ (ಸ್ಕ್ಯಾನಿಂಗ್) ಎಂಬ ಮರ್ಯಾದಸ್ಥ ಪದಗಳಿವೆ. ಗದಗ ಜಿಲ್ಲೆಯ ರೋಣ, ಗಜೇಂದ್ರಗಡ, ರಾಜೂರದ ಕಡೆಯ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿ ಬೇರೆಯೇ ಮಾತು: ‘ಎದಿ ಪಟ್ಟಿ ತಗಸ್ರಿ’, ‘ಫೋಟೋ ಹೊಡಸ್ರಿ’, ‘ಕರೆಂಟ್ ಕೊಡ್ತಾರಂತ’. ರೋಗಿಯ ಕೈಗೆ ಬರುವುದು ಒಂದು ಪಟ್ಟಿ, ಒಂದು ಫೋಟೋ. ಹಾಗಾಗಿ ಈ ಹೆಸರುಗಳು ಯಂತ್ರವನ್ನು ಅದರ ಫಲದಿಂದ ಗುರುತಿಸುತ್ತವೆ. ‘ಕರೆಂಟ್’ ಮಾತ್ರ ಅಷ್ಟು ಸರಿಯಿಲ್ಲ. ಅದಕ್ಕೆ ಮುಂದೆ ಬರೋಣ.

ಎಪ್ಪತ್ತು ವರ್ಷಗಳ ಹಿಂದೆ ಇಂಥ ಊರಿನವರು ಯಂತ್ರವಿದ್ದಲ್ಲಿಗೆ ಹೋಗಬೇಕಿತ್ತು. ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜು ಶುರುವಾದದ್ದು 1957ರಲ್ಲಿ. ಗದಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆ ಮೊದಲ ತಂಡದ ವಿದ್ಯಾರ್ಥಿಗಳನ್ನು ತೆಗೆದುಕೊಂಡದ್ದು 2015ರಲ್ಲಿ, ಅದೂ ಗಜೇಂದ್ರಗಡದಿಂದ ಐವತ್ತು ಕಿಲೋಮೀಟರಿಗೂ ಆಚೆ. ಈಗ ಯಂತ್ರಗಳು ತಾಲೂಕಿಗೆ, ಕೆಲವು ಹಳ್ಳಿಗೂ ಬಂದಿವೆ. ಬಾರದೆ ಉಳಿದದ್ದು ಅವು ಬರೆದದ್ದನ್ನು ಓದುವ ತಜ್ಞರ ಕಣ್ಣು. ಕಳೆದ ಇಪ್ಪತ್ತು ವರ್ಷಗಳಲ್ಲಿ ಕರ್ನಾಟಕದಲ್ಲಿ ಈ ಕ್ಷೇತ್ರದಲ್ಲಿ ನಡೆದ ಹೆಚ್ಚಿನ ಕೆಲಸ ಈ ಅಂತರವನ್ನು ತುಂಬುವ ಕೆಲಸ.

ಸಣ್ಣ ಸಂಕೇತ, ದೊಡ್ಡ ಗದ್ದಲ

ಹೃದಯದ ಬಡಿತದಿಂದ ಎದೆಯ ಚರ್ಮದ ಮೇಲೆ ಏಳುವ ವಿದ್ಯುತ್ ವ್ಯತ್ಯಾಸ ಸುಮಾರು ಒಂದು ಮಿಲಿವೋಲ್ಟ್, ಅಂದರೆ ವೋಲ್ಟಿನ ಸಾವಿರದ ಒಂದು ಪಾಲು. ನೆತ್ತಿಯ ಮೇಲೆ ಸಿಗುವ ಮಿದುಳಿನ ಸಂಕೇತ ಅದಕ್ಕಿಂತಲೂ ಹತ್ತು ಪಟ್ಟೋ ನೂರು ಪಟ್ಟೋ ಕಿರಿದು. ಅದೇ ಕೋಣೆಯ ಗೋಡೆಯೊಳಗೆ 230 ವೋಲ್ಟಿನ, ಸೆಕೆಂಡಿಗೆ 50 ಸಲ ಏರಿಳಿಯುವ ವಿದ್ಯುತ್ತು ಹರಿಯುತ್ತಿರುತ್ತದೆ, ಮತ್ತು ಮನುಷ್ಯನ ದೇಹ ಅದಕ್ಕೆ ಒಳ್ಳೆಯ ಆಂಟೆನಾ. ಜಾತ್ರೆಯ ಡೊಳ್ಳಿನ ನಡುವೆ ಕಿವಿಯಲ್ಲಿ ಹೇಳಿದ ಗುಟ್ಟು ಕೇಳಿಸಿಕೊಂಡಂತೆ ಈ ಕೆಲಸ.

ಇದಕ್ಕೆ ಉಪಾಯ ಎರಡು ಕಡೆಯ ವಿದ್ಯುದ್ವಾರಗಳ ವ್ಯತ್ಯಾಸವನ್ನು ಮಾತ್ರ ದೊಡ್ಡದು ಮಾಡುವ ವರ್ಧಕ. ಗೋಡೆಯ ಗದ್ದಲ ಎರಡೂ ಕೈಗೆ ಒಂದೇ ಸಮ ಬರುತ್ತದೆ, ಕಳೆದರೆ ಸೊನ್ನೆ. ಹೃದಯದ ಸಂಕೇತ ಎರಡೂ ಕಡೆ ಬೇರೆ ಬೇರೆ, ಹಾಗಾಗಿ ಉಳಿಯುತ್ತದೆ. ಬಲಗಾಲಿಗೆ ಕಟ್ಟುವ ತಂತಿ ಅಳೆಯುವುದಕ್ಕಲ್ಲ. ಸಾಮಾನ್ಯ ಗದ್ದಲವನ್ನು ತಿರುಗಿಸಿ ದೇಹಕ್ಕೇ ಒಪ್ಪಿಸಿ ಅಡಗಿಸುವುದಕ್ಕೆ. ಚರ್ಮ ಮತ್ತು ಲೋಹದ ನಡುವೆ ಹಚ್ಚುವ ತಣ್ಣನೆಯ ಜೆಲ್ಲಿಗೂ ಕೆಲಸವಿದೆ: ದೇಹದಲ್ಲಿ ವಿದ್ಯುತ್ತನ್ನು ಹೊರುವುದು ಅಯಾನುಗಳು, ತಂತಿಯಲ್ಲಿ ಇಲೆಕ್ಟ್ರಾನುಗಳು, ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ಬಿಲ್ಲೆಯೂ ಉಪ್ಪಿನಂಶದ ಜೆಲ್ಲಿಯೂ ಇವುಗಳ ನಡುವಿನ ದುಭಾಷಿಗಳು. ಹೊಲದಿಂದ ನೇರ ಬಂದವರ ಎದೆಯ ಬೆವರು, ಧೂಳು ಒರೆಸದೆ ಬಿಲ್ಲೆ ಅಂಟಿಸಿದರೆ ಲಕ್ಷ ರೂಪಾಯಿಯ ಯಂತ್ರವೂ ಬರೆಯುವುದು ನಡುಗುವ ಗೆರೆಯನ್ನೇ.

ಎದೆಯ ಪಟ್ಟಿ

ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ವಿಲೆಮ್ ಐಂಥೋವನ್ 1901–03ರ ಹೊತ್ತಿಗೆ ಕಟ್ಟಿದ ತಂತಿ ಗ್ಯಾಲ್ವನಾಮೀಟರು ಒಂದು ಕೋಣೆಯನ್ನೇ ತುಂಬುವ ಯಂತ್ರ. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಅಂಥ ಯಂತ್ರವನ್ನು ಆಸ್ಪತ್ರೆಗೆ ಸಾಗಿಸುವುದು ಅಸಾಧ್ಯವಾದ್ದರಿಂದ ಐಂಥೋವನ್ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ರೋಗಿಯ ಸಂಕೇತವನ್ನೇ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡರು. ಅದು 1905ರ ಮಾತು. ದೂರವೈದ್ಯ ಇಂಟರ್ನೆಟ್ಟಿನ ಕೂಸು ಎಂದುಕೊಂಡವರು ಈ ವರ್ಷವನ್ನು ಗಮನಿಸಬೇಕು: ಇಸಿಜಿ ಹುಟ್ಟಿದ್ದೂ ದೂರದಿಂದ ಓದಿದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಐಂಥೋವನ್ನರಿಗೆ ನೊಬೆಲ್ ಬಂದದ್ದು 1924ರಲ್ಲಿ.

ಪಟ್ಟಿಯನ್ನು ಹತ್ತಿರದಿಂದ ನೋಡಿದರೆ ಗಜೇಂದ್ರಗಡದ ಪಟ್ಟೇದಂಚಿನ ಸೀರೆಯ ಚೌಕಳಿ ನೆನಪಾಗುತ್ತದೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಅಡ್ಡಕ್ಕೆ ಒಂದು ಚಿಕ್ಕ ಚೌಕವೆಂದರೆ 0.04 ಸೆಕೆಂಡು, ಉದ್ದಕ್ಕೆ ಹತ್ತು ಚಿಕ್ಕ ಚೌಕವೆಂದರೆ ಒಂದು ಮಿಲಿವೋಲ್ಟ್. ಹತ್ತು ಬಿಲ್ಲೆಗಳಿಂದ ಹೃದಯವನ್ನು ಹನ್ನೆರಡು ದಿಕ್ಕಿನಿಂದ ನೋಡಿದಂತಾಗುತ್ತದೆ. ರಕ್ತನಾಳ ಪೂರ್ತಿ ಮುಚ್ಚಿ ಆಗುವ ಬಗೆಯ ಹೃದಯಾಘಾತದಲ್ಲಿ ಗೆರೆಯ ಒಂದು ಭಾಗ ತಳದಿಂದ ಮೇಲೆದ್ದು ನಿಲ್ಲುತ್ತದೆ. ಅದನ್ನು ಗುರುತಿಸುವುದು ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ.

ಈ ಯಂತ್ರ ಅಗ್ಗವಾದ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಟಿ.ಪಿ.ಜಿ. ನಂಬಿಯಾರ್ 1963ರಲ್ಲಿ ಪಾಲಕ್ಕಾಡಿನಲ್ಲಿ ಶುರುಮಾಡಿ, ಮುಂದೆ ಬೆಂಗಳೂರನ್ನು ಕೇಂದ್ರ ಮಾಡಿಕೊಂಡ ಬಿಪಿಎಲ್ ಕಂಪನಿಯನ್ನು ಹೆಚ್ಚಿನವರು ಬಲ್ಲದ್ದು ಟಿವಿಯಿಂದ. ಆದರೆ ಟಿವಿಗಿಂತ ಮೊದಲೇ ಅದು ಇಸಿಜಿ ಯಂತ್ರ ಮಾಡುತ್ತಿತ್ತು, ಅದರ ‘ಕಾರ್ಡಿಯಾರ್ಟ್’ ಎಷ್ಟೋ ಸಣ್ಣ ಆಸ್ಪತ್ರೆಗಳ ಮೊದಲ ಇಸಿಜಿ. ಆಮೇಲೆ ವೈಟ್‌ಫೀಲ್ಡಿನ ಜಿಇ ತಂತ್ರಜ್ಞಾನ ಕೇಂದ್ರದ ಎಂಜಿನಿಯರುಗಳು ಮ್ಯಾಕ್ 400 ಎಂಬ, ಬ್ಯಾಟರಿಯ ಮೇಲೆ ನಡೆಯುವ, ಕೈಚೀಲದಲ್ಲಿ ಹಿಡಿಯುವ ಯಂತ್ರ ರೂಪಿಸಿದರು. ದುಬಾರಿ ಮುದ್ರಕದ ಬದಲು ಬಸ್ ಟಿಕೆಟ್ ಕೊಡುವ ಯಂತ್ರದ ಮುದ್ರಕವನ್ನು ಮಾರ್ಪಡಿಸಿ ಇಟ್ಟದ್ದು ಅವರ ಜಾಣತನ. ಮೊದಲು ಶ್ರೀಮಂತ ದೇಶಕ್ಕೆ ಮಾಡಿ ಆಮೇಲೆ ಬಡ ದೇಶಕ್ಕೆ ಇಳಿಸುವ ರೂಢಿ ಇಲ್ಲಿ ತಲೆಕೆಳಗಾಯಿತು: ಭಾರತದ ಹಳ್ಳಿಗೆಂದು ಮಾಡಿದ್ದು ಆಮೇಲೆ ಬೇರೆ ದೇಶಗಳಲ್ಲೂ ಮಾರಾಟವಾಯಿತು.

ಅಗ್ಗದ ಯಂತ್ರ ಬಂದಮೇಲೆ ಉಳಿದದ್ದು ಓದುವವರ ಪ್ರಶ್ನೆ. ಇಸ್ರೋದ ಉಪಗ್ರಹ ಸಂಪರ್ಕದಿಂದ 2002ರಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಉಪಗ್ರಹದ ತಟ್ಟೆ ಮಾಡುತ್ತಿದ್ದ ಕೆಲಸವನ್ನು ಈಗ ಜೇಬಿನ ಫೋನು ಮಾಡುತ್ತದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ವೈದ್ಯರಿಗೆ, ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಪಟ್ಟಿಯ ಚಿತ್ರವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ತಜ್ಞರು ನೋಡಿ ಉತ್ತರಿಸುವ ಏರ್ಪಾಡು ಮಾಡಿದರು. ಬೆಂಗಳೂರಿನ ಟ್ರೈಕಾಗ್ ಕಂಪನಿ ಇದನ್ನೇ ಗಣಕದ ಬುದ್ಧಿ ಮತ್ತು ತಜ್ಞರ ಕಣ್ಣು ಸೇರಿಸಿ ಕೆಲವೇ ನಿಮಿಷಗಳ ಸೇವೆಯಾಗಿಸಿತು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ‘ಹೃದಯ ಜ್ಯೋತಿ’ ಯೋಜನೆಯ ಬೆನ್ನೆಲುಬೂ ಇದೇ: ತಾಲೂಕು ಆಸ್ಪತ್ರೆಯಲ್ಲಿ ಪಟ್ಟಿ ತೆಗೆಯುವುದು, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದಲ್ಲಿ ಓದುವುದು, ಆಘಾತವೆಂದು ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು. ಗಜೇಂದ್ರಗಡದಿಂದ ಹುಬ್ಬಳ್ಳಿಗೆ ಎರಡು ಗಂಟೆಗೂ ಮೀರಿದ ದಾರಿ. ಆ ದಾರಿಯಲ್ಲಿ ಸಾಯಬಹುದಾದ ಸ್ನಾಯುವನ್ನು ಉಳಿಸುವುದು ಒಂದು ಚುಚ್ಚುಮದ್ದು. ಅದನ್ನು ಧೈರ್ಯದಿಂದ ಕೊಡಿಸುವುದು ಒಂದು ಪಟ್ಟಿ.

ಮಿದುಳು ಮತ್ತು ಬಿಸಿನೀರಿನ ತಂಬಿಗೆ

ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಜರ್ಮನಿಯ ಹಾನ್ಸ್ ಬೆರ್ಗರ್ 1924ರಲ್ಲಿ ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಮೂರ್ಛೆರೋಗದ ಪತ್ತೆಗೆ ಇಇಜಿ ಇಂದಿಗೂ ಮುಖ್ಯ ಸಾಧನ. ಆದರೆ ಅದರ ಮಿತಿಯನ್ನು ತೋರಿಸುವ ಉದಾಹರಣೆ ಕರ್ನಾಟಕದ್ದೇ. ತಂಬಿಗೆಯಿಂದ ತಲೆಗೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ‘ಬಿಸಿನೀರಿನ ಮೂರ್ಛೆ’ ಜಗತ್ತಿನ ಬೇರೆಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಸಾಕಷ್ಟು ಸಾಮಾನ್ಯ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ 1960ರ ದಶಕದ ಕೊನೆಯಲ್ಲೇ ಇದನ್ನು ವರದಿ ಮಾಡಿದರು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಆಳವಾಗಿ ಅಭ್ಯಾಸ ಮಾಡಿದರು. ತೊಂದರೆ ಏನೆಂದರೆ, ಮೂರ್ಛೆ ಇಲ್ಲದ ಹೊತ್ತಿನಲ್ಲಿ ಇಂಥವರ ಇಇಜಿ ಬಹುಪಾಲು ಸಹಜವಾಗಿಯೇ ಇರುತ್ತದೆ. ಮೂರ್ಛೆಯ ಕ್ಷಣವನ್ನೇ ಹಿಡಿಯಬೇಕೆಂದರೆ ತಲೆ ತುಂಬ ತಂತಿ ಅಂಟಿಸಿದವರ ಮೇಲೆ 40ರಿಂದ 50 ಡಿಗ್ರಿಯ ನೀರು ಸುರಿಯಬೇಕು! ನೀರು, ಅಲುಗಾಟ, ಸ್ನಾಯುಗಳ ವಿದ್ಯುತ್ತು ಎಲ್ಲ ಸೇರಿ ಗೆರೆ ಗೋಜಲಾಗುತ್ತದೆ. ಇಲ್ಲಿ ಯಂತ್ರಕ್ಕಿಂತ ಹೆಚ್ಚು ಹೇಳುವುದು ಮನೆಯವರ ಬಾಯಿಯ ವಿವರಣೆ. ಬಚ್ಚಲಮನೆಯ ಬಾಗಿಲಲ್ಲಿ ನಿಂತು ನೋಡಿದ ತಾಯಿಯ ಮಾತನ್ನು ಯಾವ ಇಇಜಿಯೂ ಹಿಂದೆ ಹಾಕಿಲ್ಲ.

ಅಳೆಯುವುದನ್ನೂ ಚಿಕಿತ್ಸೆಯನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದ ಉದಾಹರಣೆಯೂ ಇದೇ ಸಂಸ್ಥೆಯಲ್ಲಿದೆ. ತೀವ್ರ ಖಿನ್ನತೆಗೆ ಕೊಡುವ ವಿದ್ಯುತ್ ಕಂಪನ ಚಿಕಿತ್ಸೆಗೆ ನಿಮ್ಹಾನ್ಸ್‌ನಲ್ಲಿ ಬಳಕೆಗೆ ಬಂದ, ಬೆಂಗಳೂರಿನಲ್ಲೇ ತಯಾರಾದ ‘ನಿವಿಕ್ಯೂರ್’ ಯಂತ್ರ, ವಿದ್ಯುತ್ತು ಕೊಟ್ಟ ಕೂಡಲೇ ಮಿದುಳಿನ ಅಲೆಯನ್ನು ದಾಖಲಿಸುತ್ತದೆ. ಅರಿವಳಿಕೆಯಲ್ಲಿ ರೋಗಿಯ ಮೈ ಅಲುಗದಿರುವುದರಿಂದ ಒಳಗೆ ಕಂಪನ ಆಯಿತೋ, ಎಷ್ಟು ಹೊತ್ತು ಆಯಿತೋ ತಿಳಿಯಲು ಆ ಗೆರೆಯೇ ಸಾಕ್ಷಿ. ಸಿನಿಮಾ ತೋರಿಸುವ ‘ಕರೆಂಟ್ ಶಾಕ್’ಗೂ ಇದಕ್ಕೂ ಅಜಗಜಾಂತರ.

ಒತ್ತಡ, ಉಸಿರು, ಸಕ್ಕರೆ

ಇಟಲಿಯ ರೀವಾ-ರೋಚಿ 1896ರಲ್ಲಿ ತೋಳಿಗೆ ಸುತ್ತುವ ಪಟ್ಟಿ ಮತ್ತು ಪಾದರಸದ ಕಂಬ ಕೊಟ್ಟರು. ರಷ್ಯದ ಕೊರೊಟ್ಕಾಫ್ 1905ರಲ್ಲಿ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವ ಸದ್ದುಗಳನ್ನು ವಿವರಿಸಿದರು. ಪಾದರಸದ ವಿಷದ ಕಾರಣಕ್ಕೆ ಆ ಕಂಬ ಈಗ ಮರೆಯಾಗುತ್ತಿದೆ. ಮನೆಗಳಲ್ಲಿರುವ ತಾನಾಗಿ ಉಬ್ಬುವ ಯಂತ್ರ ಸದ್ದು ಕೇಳುವುದಿಲ್ಲ, ಪಟ್ಟಿಯೊಳಗಿನ ಗಾಳಿಯ ಸಣ್ಣ ಅದುರಾಟದಿಂದ ಲೆಕ್ಕ ಹಾಕುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿ.ಪಿ. ಇದೆ ಎನ್ನುತ್ತದೆ.

ಬೆರಳಿಗೆ ಕ್ಲಿಪ್ಪಿನಂತೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರು ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಮನೆ ಮನೆ ಸುತ್ತಿತು. ಇದರ ತತ್ವವನ್ನು ಜಪಾನಿನ ತಕುವೊ ಅಯೊಯಾಗಿ 1970ರ ದಶಕದ ಮೊದಲಲ್ಲಿ ಕಂಡುಕೊಂಡರು. ಆಮ್ಲಜನಕ ಹೊತ್ತ ರಕ್ತ ಮತ್ತು ಹೊರದ ರಕ್ತ ಕೆಂಪು ಬೆಳಕನ್ನೂ ಅವಕೆಂಪು ಬೆಳಕನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿ ಮಿಡಿದಂತೆ ಏರಿಳಿಯುವ ಪಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಚರ್ಮ, ಮೂಳೆಗಳ ಅಡ್ಡಿ ಕಳೆದುಹೋಗುತ್ತದೆ. ಪೂರ್ತಿ ಕಳೆಯುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು: ಕಪ್ಪು ಚರ್ಮದವರಲ್ಲಿ ಇದು ಇರುವುದಕ್ಕಿಂತ ಹೆಚ್ಚು ಆಮ್ಲಜನಕ ತೋರಿಸುವುದುಂಟು ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಎಚ್ಚರಿಸಿತು. ಬಿಸಿಲಿನಲ್ಲಿ ದುಡಿಯುವ ನಮ್ಮ ಜನರ ಮಟ್ಟಿಗೆ ಇದನ್ನು ಅಲ್ಲಿಯ ಸಮಸ್ಯೆ ಎಂದು ತಳ್ಳಿಹಾಕುವಂತಿಲ್ಲ.

ಸಕ್ಕರೆ ಅಳೆಯುವ ಗ್ಲುಕೋಮೀಟರಿನಲ್ಲಿ ಕೆಲಸವೆಲ್ಲ ಚಿಕ್ಕ ಪಟ್ಟಿಯದು. ಅದರ ಮೇಲಿನ ಕಿಣ್ವ ಗ್ಲುಕೋಸಿನೊಡನೆ ವರ್ತಿಸಿ ಹುಟ್ಟಿಸುವ ವಿದ್ಯುತ್ತನ್ನು ಯಂತ್ರ ಎಣಿಸುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಪಟ್ಟಿ ಕೆಡುತ್ತದೆ.

ಒಳಗನ್ನು ನೋಡುವ ಯಂತ್ರಗಳು

ವಿಲ್‌ಹೆಲ್ಮ್ ರಂಟ್‌ಜನ್ 1895ರ ನವೆಂಬರ್ 8ರಂದು ಕಂಡ ಕಿರಣದ ಗುಣ ಗೊತ್ತಿಲ್ಲದ್ದರಿಂದ ಅದನ್ನು ‘ಎಕ್ಸ್’ ಎಂದರು. ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ‘ಕ್ಷ’ ಎನ್ನುವ ರೂಢಿ ಹಿಡಿದು ಕನ್ನಡ ಅದನ್ನು ‘ಕ್ಷ-ಕಿರಣ’ ಮಾಡಿತು. ಅರ್ಥ, ಗುಟ್ಟು, ಸದ್ದು ಮೂರೂ ಉಳಿದ ಇಂಥ ಅನುವಾದ ವಿಜ್ಞಾನದ ಕನ್ನಡದಲ್ಲಿ ಹೆಚ್ಚಿಲ್ಲ.

ಗದಗ ಜಿಲ್ಲೆಯಲ್ಲಿ ಕ್ಷ-ಕಿರಣಕ್ಕೆ ಮುರಿದ ಮೂಳೆ, ಕ್ಷಯದ ಎದೆ ನೋಡುವುದರ ಜೊತೆಗೆ ಇನ್ನೊಂದು ಕೆಲಸವಿದೆ. ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ದಾಟಿರುತ್ತದೆ. ವರ್ಷಗಟ್ಟಲೆ ಅದನ್ನು ಕುಡಿದವರ ಕೀಲು, ಬೆನ್ನು ಬಿಗಿಯುತ್ತವೆ. ವಾತವೆಂದು ಎಣ್ಣೆ ತಿಕ್ಕುತ್ತ ಬಂದವರ ಮುಂಗೈಯ ಫೋಟೋದಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿ ಮುಳ್ಳಿನಂತೆ ಬೆಳೆದದ್ದು, ಬೆನ್ನುಮೂಳೆ ಅತಿಯಾಗಿ ಬೆಳ್ಳಗೆ ದಟ್ಟವಾಗಿರುವುದು ಕಂಡರೆ ಫ್ಲೋರೋಸಿಸ್ ಎಂದು ತಿಳಿಯಬಹುದು.

ಶ್ರವಣಾತೀತ ಧ್ವನಿಯ ಸ್ಕ್ಯಾನಿಂಗಿನಲ್ಲಿ ವಿಕಿರಣವಿಲ್ಲ. ಒತ್ತಿದರೆ ವಿದ್ಯುತ್ತು ಹುಟ್ಟಿಸುವ, ವಿದ್ಯುತ್ತು ಕೊಟ್ಟರೆ ಕಂಪಿಸುವ ಹರಳು ಸೆಕೆಂಡಿಗೆ ಕೆಲವು ದಶಲಕ್ಷ ಸಲ ಅದುರಿ ಧ್ವನಿ ಕಳಿಸುತ್ತದೆ. ಮೆದು ಅಂಗಗಳಲ್ಲಿ ಅದು ಸೆಕೆಂಡಿಗೆ ಸುಮಾರು 1540 ಮೀಟರ್ ಚಲಿಸುತ್ತದೆ, ಮಾರ್ದನಿ ಮರಳುವ ವೇಳೆಯಿಂದ ಆಳ ಗೊತ್ತಾಗುತ್ತದೆ. ಚರ್ಮ ಮತ್ತು ಹಿಡಿಕೆಯ ನಡುವೆ ಗಾಳಿ ಇದ್ದರೆ ಧ್ವನಿ ಅಲ್ಲೇ ತಿರುಗಿಬಿಡುತ್ತದೆ, ಅದಕ್ಕೇ ಜೆಲ್. ಸ್ಕಾಟ್ಲೆಂಡಿನ ಇಯಾನ್ ಡೊನಾಲ್ಡ್ 1958ರಲ್ಲಿ ಪ್ರಸೂತಿ ವೈದ್ಯಕ್ಕೆ ತಂದ ಈ ಸಾಧನ ಎಷ್ಟೋ ತಾಯಂದಿರನ್ನು ಉಳಿಸಿದೆ. ನಮ್ಮಲ್ಲಿ ಹೆಣ್ಣು ಭ್ರೂಣಗಳನ್ನು ಕೊಲ್ಲಲೂ ಬಳಕೆಯಾಯಿತು. 1994ರ ಕಾಯ್ದೆ ಲಿಂಗ ಪತ್ತೆಯನ್ನು ಅಪರಾಧ ಮಾಡಿತು, ಪ್ರತಿ ಯಂತ್ರಕ್ಕೂ ನೋಂದಣಿ ಕಡ್ಡಾಯವಾಯಿತು. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಲಿಂಗ ಪತ್ತೆ ನಡೆಸುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿತು. ಯಂತ್ರ ಚಿಕ್ಕದಾಗಿ, ಅಗ್ಗವಾಗಿ, ಹೊತ್ತೊಯ್ಯುವಂತಾದುದನ್ನು ಮೇಲೆ ಹೊಗಳಿದ್ದಾಯಿತು. ಅದೇ ಗುಣದ ಇನ್ನೊಂದು ಮುಖ ಇದು.

ಸಿಟಿ ಸ್ಕ್ಯಾನ್ (ಗಾಡ್‌ಫ್ರಿ ಹೌನ್ಸ್‌ಫೀಲ್ಡ್, 1971) ಕ್ಷ-ಕಿರಣವನ್ನು ಸುತ್ತಲಿಂದ ಹಾಯಿಸಿ ಅಡ್ಡಕೊಯ್ತದ ಚಿತ್ರ ಲೆಕ್ಕ ಹಾಕುತ್ತದೆ. ಎಂಆರ್‌ಐ ಭೂಮಿಯ ಕಾಂತಕ್ಷೇತ್ರದ 30,000 ಪಟ್ಟಿಗೂ ಹೆಚ್ಚು ಬಲದ ಅಯಸ್ಕಾಂತದೊಳಗೆ ದೇಹದ ನೀರಿನ ಹೈಡ್ರೋಜನ್ ಬೀಜಗಳನ್ನು ರೇಡಿಯೊ ತರಂಗದಿಂದ ಮಿಡಿದು, ಅವು ಮರಳಿ ಕೊಡುವ ಸಂಕೇತ ಕೇಳುತ್ತದೆ. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಕಂಪನಿ ದೇಶದಲ್ಲೇ ರೂಪಿಸಿದ ಎಂಆರ್‌ಐ ಯಂತ್ರ 2023ರಲ್ಲಿ ಬಿಡುಗಡೆಯಾಯಿತು.

ಓದುವ ಕಣ್ಣಿನ ಸಮಸ್ಯೆಗೆ ನಿಜವಾದ ಕಣ್ಣುಗಳ ವಿಷಯದಲ್ಲೇ ಒಳ್ಳೆಯ ಪರಿಹಾರ ಸಿಕ್ಕಿದೆ. ದಿನ ತುಂಬದೆ ಹುಟ್ಟಿದ ಶಿಶುಗಳ ಅಕ್ಷಿಪಟಲದ ರಕ್ತನಾಳ ಅಡ್ಡಾದಿಡ್ಡಿ ಬೆಳೆದರೆ ಕೆಲವೇ ದಿನಗಳಲ್ಲಿ ಕುರುಡು ಬರಬಹುದು. ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಶಿಶುಗಳ ಕಣ್ಣಿನ ಕ್ಯಾಮೆರಾ ಹೊತ್ತು ಊರೂರ ಆಸ್ಪತ್ರೆಗಳಿಗೆ ಹೋಗಿ ಚಿತ್ರ ತೆಗೆದು, ತಾವೇ ಮೊದಲ ದರ್ಜೆ ನೀಡಿ, ತಜ್ಞರಿಗೆ ಕಳಿಸುತ್ತಾರೆ. ಅದು ಮುಂದೆ ಉತ್ತರ ಕರ್ನಾಟಕಕ್ಕೂ ಹಬ್ಬಿತು. ಇಲ್ಲಿ ಹೊಸದು ಕ್ಯಾಮೆರಾ ಅಲ್ಲ. ವೈದ್ಯರಲ್ಲದವರಿಗೆ ಓದಲು ಕಲಿಸಿದ್ದು.

ಚಿಕಿತ್ಸೆಯ ಯಂತ್ರಗಳು

ಊರವರ ‘ಕರೆಂಟ್’ ಅಂದರೆ ಹೆಚ್ಚಾಗಿ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ. ಹಳೆಯ ಕೋಬಾಲ್ಟ್ ಯಂತ್ರದಲ್ಲಿ ಕಿರಣ ಹುಟ್ಟುವುದು ವಿದ್ಯುತ್ತಿನಿಂದಲ್ಲ. ಕೋಬಾಲ್ಟ್-60 ತಾನೇ ಸೂಸುತ್ತದೆ, ವಿದ್ಯುತ್ತು ಬೇಕಿರುವುದು ಕಿಂಡಿ ತೆರೆದು ಮುಚ್ಚುವುದಕ್ಕೆ. ಅರ್ಧಾಯುಷ್ಯ ಸುಮಾರು 5.27 ವರ್ಷ, ಮೂಲ ಹಳತಾದಂತೆ ಅದೇ ಪ್ರಮಾಣಕ್ಕೆ ರೋಗಿ ಹೆಚ್ಚು ಹೊತ್ತು ಮಲಗಬೇಕು. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ‘ಭಾಭಾಟ್ರಾನ್’ ಕೋಬಾಲ್ಟ್ ಯಂತ್ರವನ್ನು ತಯಾರಿಸುವುದು ಬೆಂಗಳೂರಿನ ಪ್ಯಾನೇಶಿಯಾ ಕಂಪನಿ. ವಿದ್ಯುತ್ತಿನ ಏರಿಳಿತ ತಡೆಯುವ ಸ್ವಭಾವದಿಂದ ಸಣ್ಣ ಊರುಗಳಿಗೆ ಇದು ಒಗ್ಗಿತು, ವಿಯೆಟ್ನಾಮಿಗೂ ಹೋಯಿತು.

ವೆಂಟಿಲೇಟರಿನ ಕಥೆ 2020ರದು. ಆಮದು ನಿಂತ ತಿಂಗಳುಗಳಲ್ಲಿ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸವನ್ನು ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಡೆಬೆಲ್ ತಿದ್ದಿಕೊಟ್ಟು, ರಾಡಾರ್ ಮಾಡುವ ಬಿಇಎಲ್ ಕಾರ್ಖಾನೆ 30,000 ಐಸಿಯು ವೆಂಟಿಲೇಟರುಗಳನ್ನು ಮಾಡಿತು. ಸಾಧನೆ ಸಣ್ಣದಲ್ಲ. ಆದರೆ ನಡೆಸಲು ಬಲ್ಲವರಿಲ್ಲದೆ ದೇಶದ ಹಲವೆಡೆ ವೆಂಟಿಲೇಟರುಗಳು ಪೆಟ್ಟಿಗೆಯಲ್ಲೇ ಉಳಿದ ವರದಿಗಳೂ ಆಗ ಬಂದವು. 2021ರ ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಿಂದ ಹಲವು ರೋಗಿಗಳು ಸತ್ತರು. ಹತ್ತೊಂಬತ್ತು ವರ್ಷ ಮೊದಲು ಉಪಗ್ರಹದಿಂದ ಬೆಂಗಳೂರಿಗೆ ಜೋಡಿಸಿಕೊಂಡಿದ್ದ ಜಿಲ್ಲೆ ಅದು.

ಡಯಾಲಿಸಿಸ್‌ಗೆ ಬೇಕಾದದ್ದು ನೀರು. ನಾಲ್ಕು ಗಂಟೆಯ ಒಂದು ಸರದಿಯಲ್ಲಿ ಸುಮಾರು 120 ಲೀಟರ್ ದ್ರವ ತೆಳುಪೊರೆಯ ಆಚೆ ಹರಿಯುತ್ತದೆ, ಈಚೆ ರೋಗಿಯ ರಕ್ತ. ನಾವು ದಿನಕ್ಕೆ ಕುಡಿಯುವ ನೀರು ಎರಡು ಮೂರು ಲೀಟರು, ಅದೂ ಕರುಳಿನ ಕಾವಲು ದಾಟಿ ಬರುವಂಥದು. ಇಲ್ಲಿ ಆ ಕಾವಲಿಲ್ಲ. ಫ್ಲೋರೈಡಿನ, ಗಡಸು ನೀರಿನ ಸೀಮೆಯಲ್ಲಿ ಡಯಾಲಿಸಿಸ್ ಘಟಕದ ಹೃದಯ ಆ ಮಿನುಗುವ ಯಂತ್ರವಲ್ಲ, ಹಿಂದಿನ ಕೋಣೆಯ ಆರ್‌ಓ ಘಟಕ.

ಕೈಬಳೆಯಷ್ಟು ಸರಳವಾದವೂ ಇವೆ. ಬೆಂಗಳೂರಿನ ಬೆಂಪು ಕಂಪನಿಯ ಪಟ್ಟಿ ನವಜಾತ ಶಿಶುವಿನ ಮೈ ತಣ್ಣಗಾದರೆ ಕೂಗಿ ತಾಯಿಗೆ ತಿಳಿಸುತ್ತದೆ. ತಾಯಿ ಮಗುವನ್ನು ಎದೆಗೆ ಅವಚಿಕೊಂಡರೆ ಅದೇ ಚಿಕಿತ್ಸೆ.

ಪಾಲನೆ

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇರುತ್ತವೆ, ಕೆಳಗಿನ ಹಳ್ಳಿಗಳಿಗೆ ವಿದ್ಯುತ್ತು ಬಂದು ಹೋಗಿ ಮಾಡುತ್ತದೆ. ರಾಜ್ಯ ಸರ್ಕಾರ ಸೆಲ್ಕೊ ಪ್ರತಿಷ್ಠಾನದೊಡನೆ ‘ಸೌರ ಸ್ವಾಸ್ಥ್ಯ’ ಹೆಸರಿನಲ್ಲಿ ಆರೋಗ್ಯ ಕೇಂದ್ರಗಳ ಮಾಳಿಗೆಗೆ ಸೌರಫಲಕ ಹಾಕಿಸುತ್ತಿರುವುದು ಈ ಕೊರತೆ ನೋಡಿಯೇ. ಕಾನೂನಿನ ಮಟ್ಟಿಗೆ, ಕ್ಷ-ಕಿರಣ ಯಂತ್ರಗಳಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. 2017ರ ನಿಯಮಗಳೂ 2020ರ ಏಪ್ರಿಲಿನಿಂದ ಜಾರಿಗೆ ಬಂದ ಅಧಿಸೂಚನೆಯೂ ಎಲ್ಲ ವೈದ್ಯಕೀಯ ಸಾಧನಗಳನ್ನು ಔಷಧಿಗಳ ಸಾಲಿಗೆ ಸೇರಿಸಿದವು. ರಿಪೇರಿ ಮಾಡುವ ಬಯೋಮೆಡಿಕಲ್ ಎಂಜಿನಿಯರು ಮಾತ್ರ ಇಂದಿಗೂ ದೊಡ್ಡ ಊರಿನಿಂದಲೇ ಬರಬೇಕು.

ರೋಗಿಗಳು ಕೇಳಬೇಕಾದ ಒಂದು ಮಾತು ಉಳಿದಿದೆ. ಇಸಿಜಿಯ ಪಟ್ಟಿ ಶಾಖದಿಂದ ಕಪ್ಪಾಗುವ ಕಾಗದ, ಶಾಯಿಯಲ್ಲಿ ಬರೆದದ್ದಲ್ಲ. ಬಿಸಿಲಿಗೆ, ಪ್ಲಾಸ್ಟಿಕ್ ಚೀಲಕ್ಕೆ ಸಿಕ್ಕರೆ ಕೆಲವು ವರ್ಷಗಳಲ್ಲಿ ಗೆರೆ ಮಾಸುತ್ತದೆ. ಹೊಸ ಪಟ್ಟಿಯ ವಕ್ರತೆ ಹಳೆಯದೋ ಇಂದಿನದೋ ಎಂದು ತೀರ್ಮಾನಿಸಲು ವೈದ್ಯರು ಹಳೆಯ ಪಟ್ಟಿ ಕೇಳುತ್ತಾರೆ. ರೇಷನ್ ಕಾರ್ಡಿನ ಜೊತೆ ಮಡಚಿಟ್ಟದ್ದನ್ನು ಬಿಚ್ಚಿದಾಗ ಬರಿ ಗುಲಾಬಿ ಚೌಕಳಿ ಉಳಿದಿರುತ್ತದೆ. ಪಟ್ಟಿ ತೆಗೆಸಿದ ದಿನವೇ ಅದರ ಜೆರಾಕ್ಸ್ ಮಾಡಿಸಿ, ಮೇಲೆ ತಾರೀಖು ಬರೆದಿಡಬೇಕು.